ರೋಲರ್ ಕೋಸ್ಟರ್ ಹತ್ತಿದ ಗುಟ್ಟು

ಕೊಡಿಗೇಹಳ್ಳಿಯ ಹಳೇ ಊರಿನ ಕಡೆ ಈಗ ನಾಲ್ಕಂತಸ್ತಿನ ಮನೆಗಳು ಎದ್ದಿವೆ. ಏರ್‌ಪೋರ್ಟ್ ರಸ್ತೆಯ ಸದ್ದು ಅಡುಗೆಮನೆಯವರೆಗೂ ಬರುತ್ತದೆ. ಆದರೂ ಅಲ್ಲಿನ ಕೆಲವು ಮನೆಗಳಲ್ಲಿ ಒಂದು ಕಟ್ಟಳೆ ಹಾಗೇ ಉಳಿದಿದೆ. ಸೊಸೆ ಬಸುರಾದರೆ ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ ದೃಷ್ಟಿಯಾಗುತ್ತದೆ, ಬಸುರು ನಿಲ್ಲುವುದಿಲ್ಲ ಎಂಬ ಭಯ.

ನಾರಾಯಣಮ್ಮನವರಿಗೂ ಅದೇ ಭಯ. ಸೊಸೆ ಮೋನಿಷಾ ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದು ನಗುತ್ತಾ ಸುದ್ದಿ ಹೇಳಿದಾಗ, ಅವರು ಮೊದಲು ಮಾಡಿದ ಕೆಲಸ ಬೀದಿ ಬಾಗಿಲು ಹಾಕಿದ್ದು.

"ಯಾರ್ಗೂ ಏಳ್ಬೇಡ ಕಣಮ್ಮ. ನಿಮ್ಮಮ್ಮನ್ಗೂ ಬೇಡ."

"ಆಶಾ ಕಾರ್ಯಕರ್ತೆ ಅಕ್ಕಂಗಾದ್ರೂ ಹೇಳೋಣ ಅತ್ತೆ. ಬಸುರಾದ್ರೆ ಬೇಗ ಹೆಸರು ಬರ್ಸಿ ಅಂತ ಅವರು ಹೇಳ್ತಾನೇ ಇರ್ತಾರೆ."

"ಅವಳು ದಿನಾ ಮನೆ ಮನೆ ಸುತ್ತೋಳು. ಬಾಯಿ ಜಾರಿದ್ರೆ? ಮೂರು ತುಂಬ್ಲಿ, ನಾನೇ ಕರ್ಕೊಂಡು ಓಗ್ತೀನಿ."

ಮೋನಿಷಾ ಒಪ್ಪಿಕೊಂಡಳು. ಮದುವೆಯಾಗಿ ಒಂದು ವರ್ಷ ಅಷ್ಟೇ. ಅತ್ತೆಯ ಮಾತು ಮೀರುವ ಹುಡುಗಿಯಲ್ಲ.

ಮುಂದಿನ ವಾರ ಅತ್ತೆ ಸೊಸೆ ಇಬ್ಬರೂ ಇದ್ದ ಮಹಿಳಾ ಸಂಘದ ಪ್ರವಾಸ. ಊರಾಚೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗೋಣ ಎಂದು ಎರಡು ತಿಂಗಳ ಹಿಂದೆ ಎಲ್ಲರಿಗೂ ಆಸೆ ಹುಟ್ಟಿಸಿದವಳೇ ಮೋನಿಷಾ. ಕಾಲೇಜಿನಲ್ಲಿದ್ದಾಗ ಗೆಳತಿಯರ ಜೊತೆ ಪ್ರತಿ ವರ್ಷ ಹೋಗುತ್ತಿದ್ದಳು. ರೋಲರ್ ಕೋಸ್ಟರ್ ಎಂದರೆ ಅವಳಿಗೆ ಪ್ರಾಣ. ಬಸ್ಸಿನಲ್ಲಿ ಹೆಂಗಸರೆಲ್ಲ ಅವಳನ್ನೇ ಸುತ್ತುವರಿದರು.

"ಮೂರನೇ ನಂಬರ್ ಹಿಂದಕ್ಕೆ ಓಡೋದು," ಎಂದು ಮೋನಿಷಾ ತನಗಿಷ್ಟವಾದವುಗಳನ್ನು ಬೆರಳು ಮಡಚಿ ಎಣಿಸಿದಳು. "ಎರಡನೇದು ಕತ್ತಲೆ ಸುರಂಗದ್ದು. ಫಸ್ಟ್ ಅಂದ್ರೆ ತಲೆಕೆಳಗಾಗೋದೇ. ಟಕ ಟಕ ಅಂತ ಮೇಲಕ್ಕೆ ಹತ್ತುತ್ತೆ ಕಣ್ರೀ, ಬೀಳೋಕೆ ಮುಂಚೆ ಒಂದ್ ಚೂರು ನಿಲ್ಲುತ್ತೆ. ಊರೆಲ್ಲಾ ಕಾಣುತ್ತೆ. ಅದಕ್ಕೇ ಕೊಟ್ಟ ದುಡ್ಡು ಸಾರ್ಥಕ."

ಹಾಗೆ ಹೇಳುವಾಗ ಅವಳ ಮುಖ ಅರಳಿತ್ತು. ಆಮೇಲೆ ತಟ್ಟನೆ ನೆನಪಾಗಿ ಕಿಟಕಿಯ ಕಡೆ ತಿರುಗಿದಳು.

ಪಾರ್ಕಿನಲ್ಲಿ ಊಟಕ್ಕೆ ಮೊದಲು ಅವಳು ಹೇಗೋ ತಪ್ಪಿಸಿಕೊಂಡಳು. ತಲೆನೋವು ಎಂದಳು, ಬ್ಯಾಗ್ ನೋಡಿಕೊಳ್ಳುತ್ತೇನೆ ಎಂದಳು. ಊಟವಾದ ಮೇಲೆ ಎದುರು ಮನೆಯ ಮಾರಮ್ಮ ಬಿಡಲಿಲ್ಲ.

"ಏನೇ, ಅತ್ತೆ ನೋಡಿ ಎದ್ರದೋಳು ರೈಲ್ ನೋಡಿ ಎದ್ರ್ತೀಯಾ? ಬೆಳಗ್ಗಿಂದ ನೋಡ್ತಾ ಇವ್ನಿ, ಒಂದೂ ಅತ್ತಿಲ್ಲ." ಮಾರಮ್ಮ ಕಣ್ಣು ಕಿರಿದು ಮಾಡಿ, ದನಿ ತಗ್ಗಿಸಿದರು. "ಏನು, ವಿಶೇಷನಾ?"

ಸುತ್ತ ನಿಂತವರೆಲ್ಲ ನಕ್ಕರು. ನಾರಾಯಣಮ್ಮ ಸೊಸೆಗೆ ಅಡ್ಡ ಬಂದು ನಿಂತರು. ಮಾರಮ್ಮನ ಕಣ್ಣು ಕೆಟ್ಟದ್ದು ಎಂದು ಅವರು ಮೊದಲಿನಿಂದಲೂ ನಂಬಿದ್ದರು. ಯೋಚನೆ ಮಾಡುವ ಮೊದಲೇ ಬಾಯಿಂದ ಮಾತು ಬಂದುಬಿಟ್ಟಿತು: "ವಿಶೇಷಾನೂ ಇಲ್ಲ, ಏನೂ ಇಲ್ಲ. ಓಗ್ತಾಳೆ ಬಿಡು."

ಸಾಲಿನ ಕೊನೆಯಲ್ಲಿ ದೊಡ್ಡ ಬೋರ್ಡಿತ್ತು. ಹೃದಯದ ತೊಂದರೆ ಇರುವವರು, ಬೆನ್ನುಮೂಳೆಯ ನೋವಿರುವವರು, ಗರ್ಭಿಣಿಯರು ಹತ್ತಬಾರದು ಎಂದು ಕನ್ನಡದಲ್ಲೇ ಬರೆದಿತ್ತು. ಸಮವಸ್ತ್ರದ ಹುಡುಗಿ ಅಷ್ಟಕ್ಕೇ ಬಿಡದೆ ಬಾಯಿಬಿಟ್ಟೂ ಕೇಳಿದಳು: "ಅಕ್ಕಾ, ಯಾರಾದ್ರೂ ಪ್ರೆಗ್ನೆಂಟ್ ಇದ್ದೀರಾ? ಇದ್ರೆ ದಯವಿಟ್ಟು ಈ ಕಡೆ ಬಂದ್ಬಿಡಿ."

ಮೋನಿಷಾ ತಿರುಗಿ ನೋಡಿದಳು. ಕಂಬಿಯ ಆಚೆ, ಬೆಂಚಿನ ಮೇಲೆ ಎಲ್ಲರ ಚಪ್ಪಲಿ, ಕನ್ನಡಕ, ವ್ಯಾನಿಟಿ ಬ್ಯಾಗು ಮಡಿಲಲ್ಲಿಟ್ಟುಕೊಂಡು ನಾರಾಯಣಮ್ಮ ಕೂತಿದ್ದರು. ಪಕ್ಕದಲ್ಲಿ ಮಾರಮ್ಮ ಕಡಲೆಕಾಯಿ ಬಿಡಿಸುತ್ತಿದ್ದರು. ಸೊಸೆಯ ಕಣ್ಣು ಕೇಳುತ್ತಿದ್ದುದೇನೆಂದು ನಾರಾಯಣಮ್ಮನವರಿಗೆ ಗೊತ್ತಾಯಿತು. ಅವರು ಸಣ್ಣಗೆ ತಲೆಯಾಡಿಸಿದರು. ಹೇಳಬೇಡ ಎಂದು.

ಕಬ್ಬಿಣದ ಪಟ್ಟಿ ಮೋನಿಷಾಳ ಭುಜದ ಮೇಲೆ ಇಳಿದು ಕೂತಿತು. ಗಾಡಿ ಟಕ ಟಕ ಎನ್ನುತ್ತಾ ಏರಿತು. ಮೇಲೆ ನಿಂತಾಗ ನಾರಾಯಣಮ್ಮ ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. ಉಳಿದವರೆಲ್ಲ ಕಿರುಚಿದ್ದು ಕೇಳಿಸಿತು. ಸೊಸೆಯ ದನಿ ಅದರಲ್ಲಿರಲಿಲ್ಲ.

ವಾಪಸು ಬರುವಾಗ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇತ್ತು. ಹೆಂಗಸರು ಅಂತ್ಯಾಕ್ಷರಿ ಹಾಡುತ್ತಿದ್ದರು. ಮೋನಿಷಾ ಸೊಂಟಕ್ಕೆ ಸ್ವೆಟರ್ ಸುತ್ತಿಕೊಂಡು, ತುಟಿ ಕಚ್ಚಿ ಕೂತಿದ್ದಳು. ಮನೆಗೆ ಬಂದವಳೇ ಅತ್ತೆಯನ್ನು ಒಳಗೆ ಕರೆದಳು.

"ಅತ್ತೆ, ಬ್ಲಡ್ ಹೋಗ್ತಾ ಇದೆ. ಆಸ್ಪತ್ರೆಗೆ ಹೋಗೋಣ."

"ಸ್ವಲ್ಪಾನಾ, ಜಾಸ್ತಿನಾ?"

"ಸ್ವಲ್ಪ."

"ಮಲಕ್ಕೋ. ಜೀರಿಗೆ ಕಷಾಯ ಮಾಡ್ಕೊಡ್ತೀನಿ. ಈಗ ಆಟೋ ಕರೆದ್ರೆ ಬೀದಿಯೆಲ್ಲಾ ಬಾಗ್ಲಿಗೆ ಬತ್ತದೆ."

ಮಗ ಗೋಕುಲ್ ಸಿಟಿಯಲ್ಲಿ ಡೆಲಿವರಿ ವ್ಯಾನ್ ಓಡಿಸುತ್ತಾನೆ. ಅವನು ಬಂದಾಗಲೂ ನಾರಾಯಣಮ್ಮ ರಕ್ತದ ಮಾತೆತ್ತದೆ, ಸುಸ್ತಾಗಿದ್ದಾಳೆ ಅಷ್ಟೇ ಎಂದರು. ಮಾರನೆಯ ದಿನ ಕಷಾಯ, ಗಂಜಿ. ಅದರ ಮಾರನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ನಾರಾಯಣಮ್ಮ ಓಡಿಹೋದರು. ಮೋನಿಷಾ ಗೋಡೆಗೆ ಒರಗಿ ಕುಸಿದಿದ್ದಳು. ಮುಖ ಸುಣ್ಣದ ಹಾಗೆ ಬಿಳುಚಿತ್ತು. ನೀರು ಹರಿಯುವ ಕಡೆಗೆಲ್ಲ ಕೆಂಪು.

ಗೋಕುಲ್ ಅವಳನ್ನು ಎತ್ತಿಕೊಂಡೇ ಬೀದಿಗೆ ಓಡಿದ. ಆ ಹೊತ್ತಿಗೆ ಬೀದಿಯವರು ನೋಡುತ್ತಾರೆಂಬ ಯೋಚನೆ ಯಾರಿಗೂ ಬರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಗರ್ಭ ತೊಳೆದರು. ಮೋನಿಷಾ ಉಳಿದಳು. ಬಸುರು ಉಳಿಯಲಿಲ್ಲ.

"ಎರಡು ದಿನ ಏನ್ ಮಾಡ್ತಿದ್ರಮ್ಮ?" ಎಂದು ಡಾಕ್ಟರ್ ಕೇಳಿದರು. ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ಆ ರೈಲ್ನಿಂದಾನೇ ಓಯ್ತಾ ಡಾಕ್ಟ್ರೇ?"

"ಹೌದು ಅಂತ್ಲೂ ಹೇಳೋಕಾಗಲ್ಲ, ಅಲ್ಲ ಅಂತ್ಲೂ ಹೇಳೋಕಾಗಲ್ಲ. ಮೊದಲ ತಿಂಗಳುಗಳಲ್ಲಿ ಎಷ್ಟೋ ಸಲ ಪಿಂಡ ಸರಿಯಾಗಿ ಬೆಳೆಯದೆ ತಾನಾಗೇ ಹೋಗುತ್ತೆ. ಯಾರ ತಪ್ಪೂ ಇರಲ್ಲ. ಆದ್ರೆ ಅಂಥ ಜಗ್ಗಾಟ ಬಸುರಿಗೆ ಬೇಡ ಅಂತ ತಾನೇ ಬೋರ್ಡ್ ಹಾಕಿರೋದು? ಇನ್ನೊಂದು ಮಾತು ಮಾತ್ರ ಖಂಡಿತ ಹೇಳ್ತೀನಿ. ರಕ್ತ ಕಂಡ ತಕ್ಷಣ ಕರ್ಕೊಂಡು ಬಂದಿದ್ರೆ ಹುಡುಗಿ ಇಷ್ಟು ರಕ್ತ ಕಳ್ಕೊಳ್ತಾ ಇರ್ಲಿಲ್ಲ. ಇನ್ನು ಸ್ವಲ್ಪ ತಡ ಆಗಿದ್ರೆ ಅವಳೂ ಇರ್ತಿರ್ಲಿಲ್ಲ."

ಮನೆಗೆ ಬಂದ ಮೇಲೂ ಗುಟ್ಟು ಮುಗಿಯಲಿಲ್ಲ. ಕೇಳಿದವರಿಗೆಲ್ಲ ಕಾಮಾಲೆ ಎಂದರು. ಕಾಮಾಲೆಯ ಔಷಧಿ ಹೇಳಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿದರು. ಮೋನಿಷಾ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅಳುವಂತಿಲ್ಲ, ಯಾಕೆಂದರೆ ಕಾಮಾಲೆಗೆ ಯಾರೂ ಹಾಗೆ ಅಳುವುದಿಲ್ಲ.

ನಾಲ್ಕಾರು ದಿನ ಕಳೆದ ಮೇಲೆ ಆಶಾ ಕಾರ್ಯಕರ್ತೆ ಬದರುನ್ನೀಸಾ ಬಂದರು. ಮೋನಿಷಾಳೇ ಫೋನ್ ಮಾಡಿ ಕರೆದಿದ್ದಳು.

"ನಾನೇ ಕೊಂದ್ಬಿಟ್ಟೆ ಅಲ್ವಾ ಅಕ್ಕಾ?" ಎಂದಳು ಮೋನಿಷಾ. "ಆ ಹುಡುಗಿ ಕೇಳಿದ್ಲು. ಇದ್ದೀನಿ ಅಂತ ಒಂದ್ ಮಾತು ಹೇಳಿದ್ರೆ ಆಗ್ತಿತ್ತು."

ಬದರುನ್ನೀಸಾ ಅವಳ ತಲೆ ಸವರಿದರು. "ಹೇಳೋ ಹಾಗೆ ಯಾರು ಬಿಟ್ರಮ್ಮ ನಿನ್ನ?" ಆಮೇಲೆ ನಾರಾಯಣಮ್ಮನವರ ಕಡೆ ತಿರುಗಿದರು. "ಅಮ್ಮಾ, ಮುಟ್ಟು ನಿಂತ ಕೂಡ್ಲೇ ನನಗೆ ಹೇಳಿದ್ರೆ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಸ್ತಿದ್ದೆ, ರಕ್ತ ಪರೀಕ್ಷೆ ಮಾಡಿಸ್ತಿದ್ದೆ, ತಾಯಿ ಕಾರ್ಡ್ ಮಾಡಿಸ್ತಿದ್ದೆ. ಏನು ಮಾಡ್ಬೇಕು, ಏನು ಮಾಡ್ಬಾರ್ದು ಎಲ್ಲಾ ಹೇಳ್ತಿದ್ದೆ. ಅವತ್ತು ಸಾಯಂಕಾಲ ನಾನೇ ಕರ್ಕೊಂಡು ಹೋಗ್ತಿದ್ದೆ. ಯಾರ ಮನೆ ಸುದ್ದೀನೂ ನಾನು ಇನ್ನೊಬ್ಬರ ಮನೇಲಿ ಆಡಲ್ಲ."

"ನಿಂಗೇನಮ್ಮ ಗೊತ್ತು," ಎಂದು ನಾರಾಯಣಮ್ಮ ಸಿಡುಕಿದರು. "ಏಳಿದ್ರೆ ನಿಲ್ಲಲ್ಲ. ನಂಗೇ ಆಗೈತೆ."

ಗೋಕುಲ್‌ಗೂ ಗೊತ್ತಿಲ್ಲದ ಸಂಗತಿಯನ್ನು ಅವರು ಅವತ್ತು ಹೇಳಿಕೊಂಡರು. ಮದುವೆಯಾದ ಹೊಸದರಲ್ಲಿ ನಾರಾಯಣಮ್ಮನವರಿಗೆ ಎರಡು ತಿಂಗಳಾಗಿತ್ತು. ಖುಷಿ ತಡೆಯಲಾರದೆ ನಲ್ಲಿಯ ಹತ್ತಿರ ಒಬ್ಬಳಿಗೆ ಹೇಳಿಬಿಟ್ಟರು. ವಾರದೊಳಗೆ ಹೋಯಿತು. ನಿನ್ನ ನಾಲಿಗೆಯೇ ತಿಂದುಕೊಂಡಿತು ಎಂದು ಅವರ ಅತ್ತೆ ಅಂದರು. ಆ ಮಾತನ್ನು ಅವರು ಇಷ್ಟು ವರ್ಷ ನುಂಗಿಕೊಂಡೇ ಬಂದಿದ್ದರು.

ಬದರುನ್ನೀಸಾ ಅವರ ಹತ್ತಿರಕ್ಕೆ ಸರಿದು ಕೂತರು.

"ಅಮ್ಮಾ, ನೀವು ಹೇಳಿದ್ರಿ, ಹೋಯ್ತು. ಮೋನಿಷಾ ಹೇಳ್ಲಿಲ್ಲ, ಅವಳದ್ದೂ ಹೋಯ್ತು. ಹಾಗಾದ್ರೆ ಬಾಯಿಂದ ಹೋಗಿದ್ದು ಹೇಗೆ?"

ನಾರಾಯಣಮ್ಮನವರಿಗೆ ಅಳು ಬಂತು. ಅಂದು ಹೋದ ತಮ್ಮ ಕೂಸಿಗೂ, ಮೊನ್ನೆ ಹೋದ ಕೂಸಿಗೂ ಸೇರಿಸಿ ಅತ್ತರು. ಮೋನಿಷಾ ಎದ್ದು ಬಂದು ಅವರ ಪಕ್ಕ ಕೂತಳು.

"ನೀನಲ್ಲ ಕಣಮ್ಮ," ಎಂದರು ನಾರಾಯಣಮ್ಮ, ಬಿಕ್ಕುತ್ತಲೇ. "ನಿನ್ನ ತಪ್ಪು ಒಂಚೂರೂ ಇಲ್ಲ. ನೀನು ನನ್ ಕೇಳ್ದೆ. ನಾನು ಬೇಡ ಅಂದೆ."

ಆ ಭಾನುವಾರ ಸಂಘದ ಸಭೆ. ಚಾಪೆಯ ಮೇಲೆ ಕೂರುತ್ತಲೇ ಮಾರಮ್ಮ ಕೇಳಿದರು: "ಸೊಸೆ ಕಾಮಾಲೆ ಇಳೀತಾ?"

"ಕಾಮಾಲೆ ಅಲ್ಲ ಮಾರಮ್ಮ," ಎಂದರು ನಾರಾಯಣಮ್ಮ. "ಬಸ್ರಿದ್ಲು. ನಿನ್ ಕಣ್ಣು ಬೀಳುತ್ತೆ ಅಂತ ಮುಚ್ಚಿಟ್ಟೆ. ರಕ್ತ ಓಗ್ತಿದ್ರೂ ಮುಚ್ಚಿಟ್ಟೆ. ಕೂಸು ಓಯ್ತು, ಸೊಸೇನೂ ಓಗ್ತಿದ್ಲು."

ಮಾರಮ್ಮ ಜಗಳಕ್ಕೆ ಬರುತ್ತಾರೆ ಎಂದುಕೊಂಡರು ಎಲ್ಲರೂ. ಬದಲಿಗೆ ಅವರು ಚಾಪೆಯ ಮೇಲೆ ಸರಿದು ನಾರಾಯಣಮ್ಮನವರ ಪಕ್ಕಕ್ಕೆ ಬಂದರು.

"ನಂದೂ ಎರಡು ಓಗಿತ್ತು," ಎಂದರು. "ನಮ್ಮನೆಯೋರ್ಗೆ ಒಂದೇ ಗೊತ್ತು."

ಹಿಂದೆ ಕೂತವರಲ್ಲಿ ಇನ್ನೊಬ್ಬರು ಕಣ್ಣೊರೆಸಿಕೊಂಡರು. ಅವತ್ತು ಸಂಘದಲ್ಲಿ ಬೇರೆ ಯಾವ ವಿಷಯವೂ ನಡೆಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮುಟ್ಟು ನಿಂತಿದೆ ಎನಿಸಿದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಹೆಸರು ಬರೆಸಿ. ಊರಿಗೆಲ್ಲ ಸಾರಬೇಕಿಲ್ಲ. ಆದರೆ ಮನೆಯವರಿಗೆ, ವೈದ್ಯರಿಗೆ, ಜೊತೆಯಲ್ಲಿ ಹೋಗುವವರಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಪಾರ್ಕಿಗೆ ಹೋದರೆ ಬೋರ್ಡು ಓದಿ, ಕೇಳಿದಾಗ ನಿಜ ಹೇಳಿ. ಯಾರಾದರೂ ಆಟ ಹತ್ತುವುದಿಲ್ಲ ಎಂದರೆ "ವಿಶೇಷನಾ" ಎಂದು ಕೆಣಕಬೇಡಿ. ರಕ್ತ ಕಂಡರೆ, ಹೊಟ್ಟೆ ಹಿಂಡಿದ ಹಾಗೆ ನೋವು ಬಂದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ದೃಷ್ಟಿ ತೆಗೆಯಬೇಕು ಎನಿಸಿದರೆ, ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯಿರಿ. ಕೂಸು ಉಳಿಯದೇ ಹೋದರೆ ಹೊತ್ತವಳನ್ನು ದೂರಬೇಡಿ, ಅವಳನ್ನು ಅಳಲು ಬಿಡಿ.

ನಿಮ್ಮ ಮನೆಯಲ್ಲಿ ಯಾರಾದರೂ ಈಗ ಹೊಟ್ಟೆ ಹಿಡಿದುಕೊಂಡು, ಏನೂ ಇಲ್ಲ ಎನ್ನುತ್ತಾ ಗೋಡೆ ಕಡೆ ತಿರುಗಿ ಮಲಗಿದ್ದರೆ, ಈ ಕಾಗದ ಕೆಳಗಿಡಿ. ಎದ್ದು ಹೋಗಿ ಕೇಳಿ.