ನಲವತ್ತು ಕಿಲೋಮೀಟರ್ ಉಳಿದಿತ್ತು

"ಅಕ್ಕ ಅಲ್ಲಿಗಾದ್ರೂ ಪೂರ್ತಿ ಹೋಗ್ತಾರೋ, ಇಲ್ಲಾ ಅರ್ಧದಾರೀಲಿ ಗಾಡಿ ತಿರುಗಿಸ್ಕೊಂಡು ಬಂದ್ಬಿಡ್ತಾರೋ!"

ಕುರ್ಚಿಗಳನ್ನು ಹೊತ್ತು ತರುತ್ತಿದ್ದ ಮೆಕ್ಯಾನಿಕ್ ಹೀಗಂದದ್ದೇ ತಡ, ಹಾಲ್‌ನಲ್ಲಿ ಕೂತಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು. ಅವನೂ ನಕ್ಕ, ಆಮೇಲೆ ಗೋಡೆ ಕಡೆ ತಿರುಗಿ ಬಿಕ್ಕಿದ. ಸತ್ತವಳ ಅಂಗಡಿಯ ಪಕ್ಕದಲ್ಲೇ ಅವನ ಗ್ಯಾರೇಜು. ಅವಳಿಗೆ 'ಅರ್ಧದಾರಿ' ಎಂಬ ಅಡ್ಡಹೆಸರು ಇಟ್ಟವನೂ ಅವನೇ.

ನಗದೆ ಇದ್ದವಳು ಒಬ್ಬಳೇ, ಶವಪೆಟ್ಟಿಗೆಯ ತಲೆದೆಸೆಯಲ್ಲಿ ಹೂ ಸರಿಪಡಿಸುತ್ತಿದ್ದ ನಾದಿನಿ. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವ ಟೀಚರು. ಅತ್ತಿಗೆ-ನಾದಿನಿ ಅಂದರೆ ಹಾವು-ಮುಂಗುಸಿ ಅನ್ನುವ ಜನ ಇವರಿಬ್ಬರನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಅತ್ತಿಗೆ ವಾಹನಗಳ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಊರಿನ ಕಾಲುಭಾಗ ಜನ ಅವಳ ಹೊಲಿಗೆಯ ಮೇಲೇ ಕೂತು ಓಡಾಡುತ್ತಿದ್ದರು. ಮೊನ್ನೆ ಮಷೀನಿನ ಮುಂದೆಯೇ ಕುಸಿದವಳು ಮತ್ತೆ ಏಳಲಿಲ್ಲ.

ಅಣ್ಣ ಹತ್ತಿರ ಬಂದ. "ಪೆಟ್ಟಿಗೆ ಮುಚ್ಚೋ ಮೊದ್ಲು ನೀನೇ ನಾಲ್ಕು ಮಾತಾಡು. ನನಗೆ ಬಾಯೇ ಬರ್ತಿಲ್ಲ. ಆ ಬೈಕ್ ಟ್ರಿಪ್ಪಿನ ಕತೆ ಹೇಳು."

"ಯಾವ ಕತೆ?"

"ಅದೇ ಕಣೇ, ಅವಳು ಹೆದ್ರಿ ವಾಪಸ್ ಬಂದಿದ್ದು. ಅದನ್ನ ಹೇಳಿದ್ರೆ ಅವಳೇ ಬಂದು ನಿಂತ ಹಾಗಿರತ್ತೆ. ಹನ್ನೊಂದು ವರ್ಷ ರೇಗಿಸಿದ್ದೀನಿ, ಒಂದ್ಸಲಾನೂ ಬೇಜಾರು ಮಾಡ್ಕೊಳ್ಲಿಲ್ಲ ನೋಡು."

ಅವಳು ಕೈಯಲ್ಲಿದ್ದ ಹೂವನ್ನು ಹಾಗೇ ಕೆಳಗಿಟ್ಟಳು. ಇನ್ನೊಂದು ಸಲ ಆ ಸುಳ್ಳು ಹೇಳಬೇಕು, ಅದೂ ಅತ್ತಿಗೆಯ ಮುಖದೆದುರಿಗೇ.

*

ಆ ಪ್ರವಾಸ ಹುಟ್ಟಿದ್ದು ನಾದಿನಿಯ ನೋಟ್‌ಬುಕ್ಕಿನಲ್ಲಿ. ಮೂರು ವರ್ಷ ನಕ್ಷೆ ಹರವಿಕೊಂಡು ಕೂತಿದ್ದಳು. ದಿನಕ್ಕೆ ಎಷ್ಟು ದೂರ, ಪೆಟ್ರೋಲು ಎಲ್ಲಿ, ಮಲಗುವುದೆಲ್ಲಿ, ಯಾವ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರೆ ಚೆನ್ನ. ಗಾಡಿ ಓಡಿಸುವವಳು ಅತ್ತಿಗೆ, ಹಿಂದೆ ಕೂತು ದಾರಿ ಹೇಳುವವಳು ತಾನು. ರಸ್ತೆ ಬೆಟ್ಟದ ನೆತ್ತಿ ದಾಟುವ ಜಾಗವೇ ಕೊನೆಯ ಗುರಿ. ಅಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಐದು ತರಗತಿಗಳ ಮುಂದೆ ಜಂಬ ಕೊಚ್ಚಿಕೊಂಡದ್ದೂ ತಾನೇ.

ಒಂಬತ್ತನೆಯ ದಿನ, ನಲವತ್ತು ಕಿಲೋಮೀಟರ್ ಉಳಿದಿದ್ದಾಗ, ರಸ್ತೆಯ ಒಂದು ಮಗ್ಗುಲು ಇದ್ದಕ್ಕಿದ್ದಂತೆ ಇಲ್ಲವಾಯಿತು. ತಡೆಗೋಡೆಯಿಲ್ಲ; ಕೆಳಗೆ ಎಲ್ಲೋ ದಾರದೆಳೆಯಂಥ ಹೊಳೆ. ನಕ್ಷೆಯಲ್ಲಿ ಅದು ಬೆರಳಗಲದ ಕಂದು ಬಣ್ಣವಾಗಿತ್ತಷ್ಟೆ. ಅವಳು ಅತ್ತಿಗೆಯ ಜಾಕೆಟ್ಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದು, "ನಿಲ್ಸಿ ಅತ್ತಿಗೆ, ನಿಮ್ಮ ದಮ್ಮಯ್ಯ, ನಿಲ್ಸಿ" ಎಂದು ಅತ್ತಳು. ಇಳಿದವಳು ರಸ್ತೆಯಲ್ಲೇ ಕುಕ್ಕರಿಸಿ, ಏಳಲೇ ಇಲ್ಲ.

ಅತ್ತಿಗೆ ಅರ್ಧ ಗಂಟೆ ಪಕ್ಕದಲ್ಲೇ ಕೂತಿದ್ದಳು. ಒಂದೇ ಒಂದು ಸಲ ಮೇಲಿನ ತಿರುವಿನ ಕಡೆ ನೋಡಿದಳು, ಅಂಗಡಿ ಬಾಗಿಲು ಹಾಕಿದ ಮೇಲೆ ಬಂದ ಗಿರಾಕಿಯ ಹಾಗೆ. ಆಮೇಲೆ ಗಾಡಿ ತಿರುಗಿಸಿದಳು.

"ಮಕ್ಕಳಿಗೆ ಏನು ಹೇಳ್ಲಿ?"

"ಅತ್ತಿಗೆ ಹೆದರ್ಕೊಂಡ್ಲು ಅನ್ನು. ನೀನು ಪಾಠ ಮಾಡೋಳು, ನಿನ್ನನ್ನ ನೋಡಿ ನಕ್ರೆ ಕಷ್ಟ. ನಾನು ಸೀಟು ಹೊಲಿಯೋಳು. ಸೀಟುಗಳು ನಗಲ್ಲ."

ಸೀಟುಗಳು ನಗಲಿಲ್ಲ, ಊರೆಲ್ಲ ನಕ್ಕಿತು. ಸತ್ಯ ಹೇಳಿಬಿಡೋಣವೆಂದು ಅವಳು ಬಾಯಿ ತೆರೆದಾಗಲೆಲ್ಲ ಅತ್ತಿಗೆ ಕಣ್ಣು ಬಿಟ್ಟು ಗದರಿಸುತ್ತಿದ್ದಳು. ಬರಬರುತ್ತ ನಾದಿನಿಗೂ ಸುಮ್ಮನಿರುವುದೇ ಹಾಯೆನಿಸಿತ್ತು. ಅದಕ್ಕೇ ಈಗ ಹೆಚ್ಚು ನಾಚಿಕೆ.

*

"ಹೆದರಿದ್ದು ನಾನು. ಅತ್ತಿಗೆ ಅಲ್ಲ," ಎಂದಳು ಟೀಚರು, ಪೆಟ್ಟಿಗೆಯ ಅಂಚು ಹಿಡಿದುಕೊಂಡು. "ರಸ್ತೆ ಮೇಲೆ ಕೂತು ಅತ್ತಿದ್ದು ನಾನು. ಇಷ್ಟು ವರ್ಷ ನೀವೆಲ್ಲ ನಗ್ಬೇಕಾಗಿದ್ದು ನನ್ನನ್ನ ನೋಡಿ."

ಎದುರು ಮನೆಯ ಮುದುಕಿ ಕನ್ನಡಕ ತೆಗೆದು ಕಣ್ಣೊರೆಸಿ, "ಎಂಥಾ ನಾದಿನಿ ಪಡೆದಿದ್ಲಪ್ಪಾ! ಹೋದವಳ ಮಾನ ಉಳಿಸೋಕೆ ಎಲ್ಲಾ ತನ್ನ ಮೇಲೆ ಎಳ್ಕೊಳ್ತಿದ್ದಾಳೆ" ಎಂದಳು. ತಲೆಗಳು ಹೌದೌದೆಂದು ಆಡಿದವು. ಮೆಕ್ಯಾನಿಕ್ ಅಂತೂ ಬಂದು ಕೈ ಹಿಡಿದುಕೊಂಡ. "ದೊಡ್ಡ ಮನಸ್ಸು ಟೀಚರ್ ನಿಮ್ದು."

"ಅಯ್ಯೋ, ನಿಜ ಹೇಳ್ತಿದ್ದೀನಿ ಕಣ್ರೀ!"

ಹೇಳಿದಷ್ಟೂ ಅವಳು ಇನ್ನಷ್ಟು ಒಳ್ಳೆಯವಳಾಗುತ್ತ ಹೋದಳು. ತಲೆ ಚಚ್ಚಿಕೊಳ್ಳುವಂತಾಯಿತು.

ಅಣ್ಣ ಮಾತ್ರ ಅವಳನ್ನೇ ನೋಡುತ್ತ ನಿಂತಿದ್ದ. "ಗಾಡಿ ನಿಲ್ಸಿದ ತಕ್ಷಣ ಅವಳು ಏನಂದ್ಲು?"

"'ಮೊದ್ಲು ಹೆಲ್ಮೆಟ್ ತೆಗಿ. ಅದರೊಳಗೇ ಅತ್ರೆ ಲೈನಿಂಗ್ ಹಾಳಾಗತ್ತೆ, ಆಮೇಲೆ ನಾನೇ ಬಿಚ್ಚಿ ಹೊಲೀಬೇಕು' ಅಂದ್ರು."

ಅಣ್ಣನ ಬಾಯಿಂದ ಫಕ್ಕನೆ ನಗು ಸಿಡಿಯಿತು. ಜಗತ್ತಿನಲ್ಲಿ ಇನ್ಯಾರೂ ಆಡಲಾರದ ಮಾತು ಅದು. ಕಟ್ಟಿ ಹೇಳಲೂ ಆಗದ್ದು. ನಗು ಅಲ್ಲೇ ಮುರಿದು ಅಳುವಾಯಿತು.

ಮುಚ್ಚಳ ಎತ್ತಿಕೊಂಡು ಬಂದ ನಾಲ್ವರನ್ನು ಅವನು ಕೈಯೆತ್ತಿ ತಡೆದ. ಪೆಟ್ಟಿಗೆಯ ಪಕ್ಕ ಮೊಣಕಾಲೂರಿ, ಹೆಂಡತಿಯ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳತೊಡಗಿದ. ಹನ್ನೊಂದು ವರ್ಷದ್ದು, ಬೇಗ ಮುಗಿಯುವಂತಿರಲಿಲ್ಲ. ಹೊರಗೆ ವ್ಯಾನು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ ಡ್ರೈವರ್ ಬಾಗಿಲಲ್ಲಿ ಇಣುಕಿ ನೋಡಿ, ವಾಪಸು ಹೋಗಿ ಎಂಜಿನ್ ಆಫ್ ಮಾಡಿದ.