ಹುಲ್ಲು ಸಾಲದ ಇಟ್ಟಿಗೆ

ರೈನಾ ಎತ್ತಿದ ಮೂರನೆಯ ಹಸಿ ಇಟ್ಟಿಗೆಯೂ ಕೈಯಲ್ಲೇ ಎರಡು ತುಂಡಾಯಿತು. ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಕಲಾಂಪಿರ್ ಅತ್ತ ಕಣ್ಣು ಹಾಯಿಸದೆ ಚಹಾದ ಸಮಾವರಿಗೆ ಸೌದೆಚೂರು ತುರುಕುತ್ತಿದ್ದಳು.

ಯುದ್ಧಕ್ಕೆ ಹೋದ ಕಲಾಂಪಿರಳ ಗಂಡ ಮರಳಿರಲಿಲ್ಲ. ಈ ವಸಂತದಲ್ಲಿ ಝಾಯಿಕ್ ನದಿ ಉಕ್ಕಿ ಮನೆಯೂ ಕುಸಿದಿತ್ತು. ನಾಳಿದ್ದು ಊರವರೆಲ್ಲ ಕೂಡಿ ಹೊಸ ಗೋಡೆ ಎಬ್ಬಿಸಲು ಬರುವವರಿದ್ದರು. ಅಲ್ಲಿ ಯಾರ ಮನೆ ಕಟ್ಟಿದರೂ ಹಾಗೆಯೇ, ಕೂಲಿಯ ಮಾತಿಲ್ಲ, ಕುರಿ ಕಡಿದು ಊಟ ಹಾಕಿದರಾಯಿತು. ಗೋಡೆ ಎದ್ದ ಮರುದಿನ ರೈನಾ ಹೊರಡುವವಳು. ಅವಳನ್ನೂ ಸೇರಿಸಿ ಕ್ರೈಮಿಯಾದ ಬಲ್ಗೇರಿಯನ್ನರನ್ನು ಗೂಡ್ಸ್ ರೈಲಿಗೆ ತುಂಬಿ ತಂದು ಈ ಕಝಾಕ್ ಬಯಲಿನಲ್ಲಿ ಇಳಿಸಿ ಹನ್ನೆರಡು ವರ್ಷವಾಗಿತ್ತು. ಈಗ ಬಿಡುಗಡೆಯ ಕಾಗದ ಬಂದಿತ್ತು. ಹುಟ್ಟಿದೂರಿಗೆ ಕಾಲಿಡುವಂತಿರಲಿಲ್ಲ, ಆದರೆ ಅಝೋವ್ ಕಡಲ ದಂಡೆಯಲ್ಲಿ ಅವಳ ತಂಗಿಯಿದ್ದಳು.

ಆ ಮೊದಲ ಬೇಸಿಗೆಯನ್ನು ಕಲಾಂಪಿರ್ ಮರೆತವಳಲ್ಲ. ಅಧಿಕಾರಿಗಳು ಈ ಹುಡುಗಿಯನ್ನು ತಂದು ಅವಳ ಮನೆಯಲ್ಲಿ ಬಿಟ್ಟುಹೋಗಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅರ್ಧ ಬಿದ್ದ ಗೋಡೆ ತೋರಿಸಿ ಕಲಾಂಪಿರ್ ಬೇಸರದಿಂದ "ಕಿರ್ಪಿಶ್" ಅಂದಿದ್ದಳು. ಹುಡುಗಿ ತಟ್ಟನೆ ತಲೆಯೆತ್ತಿ "ಕಿರ್ಪಿಚ್" ಅಂದು ಗೋಡೆ ತಬ್ಬಿಕೊಂಡು ಅತ್ತುಬಿಟ್ಟಿದ್ದಳು. ಅವಳ ಅಜ್ಜಿಯೂ ಮಣ್ಣಿನ ಇಟ್ಟಿಗೆಯನ್ನು ಹಾಗೇ ಕರೆಯುತ್ತಿದ್ದಳಂತೆ. ರಷ್ಯನ್ ಅಧಿಕಾರಿಯ ಬಾಯಲ್ಲಿ ಸುಟ್ಟ ಇಟ್ಟಿಗೆಗೂ ಅದೇ ಹೆಸರು. ಕಿರ್ಪಿಚ್ ಅನ್ನೋದು ಹಿಂದೆ ನಮ್ಮ ಕುದುರೆ ಸವಾರರು ಹೊತ್ತುಕೊಂಡು ಬಂದು ನಿಮ್ಮ ಬಲ್ಗೇರಿಯನ್ನರಲ್ಲಿ ಬಿಟ್ಟುಹೋದ ಮಾತು, ವಾಪಸ್ ಕೊಡಿ ಎಂದು ಊರಿನ ಮುದುಕ ಯೆಸೆಂಜೋಲ್ ಆಮೇಲೆ ಎಷ್ಟು ಸಲ ರೇಗಿಸಿದ್ದನೋ. ಇಷ್ಟು ಕಾಲ ನಮ್ಮಲ್ಲಿ ಬಾಳಿದ ಸೊಸೆಯನ್ನು ತವರಿಗೆ ಅಟ್ಟೋದುಂಟೇ ತಾತ ಎಂದು ರೈನಾ ಬಾಯಿ ಮುಚ್ಚಿಸುತ್ತಿದ್ದಳು. ಎಷ್ಟೋ ನಾಡು ದಾಟಿ ಓಡಾಡಿದ ಆ ಮಾತಿಗೆ ಯಾರ ಕಾಗದವೂ ಬೇಕಾಗಿರಲಿಲ್ಲ, ಇವಳಿಗಾದರೋ ಇರಲೂ ಕಾಗದ, ಹೋಗಲೂ ಕಾಗದ ಎಂದು ಕಲಾಂಪಿರ್ ಗೊಣಗುತ್ತಿದ್ದಳು.

"ಅಕ್ಕಾ, ಮಣ್ಣಿಗೆ ಕಲಸೋಕೆ ಇಟ್ಟಿದ್ದ ಹುಲ್ಲೆಲ್ಲಿ ಹೋಯ್ತು?" ರೈನಾ ಕೇಳಿದಳು.

"ಹಸು ತಿಂದಿರ್ಬೇಕು."

"ಎರಡು ಕಾಲಿನ ಹಸುನಾ?"

ಕಲಾಂಪಿರ್ ಕೈಯಲ್ಲಿದ್ದ ಸೌದೆ ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ.

"ಹೂಂ ಕಣೇ, ನಾನೇ ಅರ್ಧ ಬಚ್ಚಿಟ್ಟೆ. ಇಟ್ಟಿಗೆ ಬಿರಿದ್ರೆ ಮತ್ತೆ ಮಾಡ್ಬೇಕಾಗತ್ತೆ, ಅಷ್ಟು ದಿನ ಆದ್ರೂ ಇರ್ತೀಯ ಅಂತ. ನೀನು ಹೋದ್ಮೇಲೆ ಯಾರ ಹತ್ರ ಜಗಳ ಆಡ್ಲಿ ನಾನು?"

ರೈನಾ ಬೈಯುತ್ತಾಳೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ರೈನಾ ತುಂಡುಗಳನ್ನು ಜೋಡಿಸಿ ನೆಲದ ಮೇಲಿಟ್ಟಳು.

"ಇನ್ನೂ ಹದಿನೈದು ದಿನ ಇರ್ತೀನಿ," ಅಂದಳು. "ಆದ್ರೆ ಗೋಡೆ ಗಟ್ಟಿ ಇರ್ಬೇಕು ಅಕ್ಕ. ಬಿದ್ರೆ ಎತ್ತಿ ಕಟ್ಟೋಕೆ ನಾನಿರಲ್ಲ."

ಕಲಾಂಪಿರ್ ಹೋಗಿ ಯೆಸೆಂಜೋಲನಿಗೆ ಊರವರನ್ನು ಈಗಲೇ ಕರೆಯಬೇಡ ಎಂದು ಹೇಳಿಬಂದಳು. ಅಷ್ಟರಲ್ಲಿ ರೈನಾ ಇಟ್ಟಿಗೆಗಳನ್ನೆಲ್ಲ ಪುಡಿ ಮಾಡಿ ಗುಂಡಿಗೆ ಸುರಿದು ನೀರು ಹೊಯ್ದು ಬರಿಗಾಲಲ್ಲಿ ಇಳಿದಿದ್ದಳು. ಕಲಾಂಪಿರ್ ಕೊಟ್ಟಿಗೆಯ ಹಿಂದಿನಿಂದ ಹುಲ್ಲನ್ನು ಮಡಿಲಲ್ಲಿ ತುಂಬಿಕೊಂಡು ಬಂದಳು. ಗುಂಡಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಂದೆಳೆಯೂ ಉಳಿಯದಂತೆ ಕೊಡವಿ ಸುರಿದು, ಲಂಗ ಮೇಲೆತ್ತಿ ಸಿಕ್ಕಿಸಿ, ಕೆಸರಿಗಿಳಿದಳು. ಜಾರದ ಹಾಗೆ ಒಬ್ಬರ ಮೊಣಕೈ ಒಬ್ಬರು ಹಿಡಿದುಕೊಂಡು ಇಬ್ಬರೂ ತುಳಿಯತೊಡಗಿದರು.