ಕೆಮ್ಮಿಲ್ಲದ ಎಂಟು ದಿನ

ಹುರಿದ ಮೀನು, ಮೊದಲನೇ ಮಹಡಿಯವರದು, ಜೀರಿಗೆ ಒಂದು ಚಿಟಿಕೆ ಜಾಸ್ತಿ — ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಅದು ಮೂಗಿಗೆ ತಟ್ಟಿ ವಗ್ದಿಗೆ ತನ್ನ ಮೇಲೆ ತನಗೇ ನಗು ಬಂತು, ಅಬ್ಬಾ, ಜೀರಿಗೆ ಹೆಚ್ಚೋ ಕಡಿಮೆಯೋ ಹೇಳುವಷ್ಟು ದೊಡ್ಡದಾಯಿತೇ ಈ ಮೂಗು, ನಲವತ್ತು ವರ್ಷ ಕನ್ನಡಕ ಹೊರುವುದೊಂದನ್ನು ಬಿಟ್ಟು ಬೇರೆ ಕೆಲಸ ಮಾಡದ ಮೂಗು, ಈಗ ಎಂಟೇ ದಿನದಲ್ಲಿ ಎದ್ದು ಕೂತಿದೆ, ಹೋದ ಭಾನುವಾರದಿಂದ ಈ ಭಾನುವಾರಕ್ಕೆ ಎಂಟು ದಿನ, ಒಂದೇ ಒಂದು ಸಿಗರೇಟಿಲ್ಲ, ಬಲ ಜೇಬಿನಲ್ಲಿ ಈ ವೇಪು, ಹೊಗೆಯ ಬದಲು ಹಬೆ ಎಳೆಯುವ ಕರೆಂಟು ಸಿಗರೇಟು, ಬಟ್ಟೆಗೆ ಗುರುತು ಹಾಕುವ ಸೋಪಿನ ಚೂರಿನಷ್ಟು ಹಗುರ, ಎಡ ಜೇಬಿನಲ್ಲಿ — ಎಡ ಜೇಬು ಮುಟ್ಟಬಾರದು, ಈಗಲೇ ಬೇಡ, ಅಲ್ಲೊಂದು ಬಿಡಿ ಸಿಗರೇಟಿದೆ, ಬೀದಿಯ ಮೂಲೆಯ ಗೂಡಂಗಡಿಯಲ್ಲಿ ಇದೀಗ ಕೊಂಡದ್ದು, ಏನ್ ಉಸ್ತಾ, ವಾರದಿಂದ ಪತ್ತೇನೇ ಇಲ್ಲ, ಹೋಗ್ಬಿಟ್ಟೆ ಅಂತ ಅಂದ್ಕೊಂಡು ನಿನ್ನ ಹೆಸರಲ್ಲಿ ಒಂದು ಪ್ರಾರ್ಥನೇನೂ ಮಾಡ್ಬಿಟ್ಟೆ ಮಾರಾಯ, ಕಡ್ಡಿಪೆಟ್ಟಿಗೆ ಬೇಡ್ವಾ ಅಂದ ಗೂಡಂಗಡಿಯವನು, ಬೇಕು, ಅದನ್ನೂ ಕೊಡು. ಐದು ಮಹಡಿ, ಮನೆ ಐದನೆಯದರಲ್ಲಿ, ಲಿಫ್ಟಿನ ಗೂಡಿನಲ್ಲಿ ಬೆಕ್ಕು ಮರಿ ಹಾಕಿ ಎಷ್ಟೋ ತಲೆಮಾರಾಯಿತು, ಇರಲಿ, ಮೂರನೇ ಮಹಡಿಯಲ್ಲಿ ಕುರ್ಚಿ ಇದೆ, ಅಲ್ಲಿ ಕೂತು ಹಚ್ಚುತ್ತೇನೆ, ಎರಡು ದಮ್ಮು ಸಾಕು, ದಮ್ಮಿಗಾಗಿ ಅಲ್ಲ, ದೇವರಾಣೆ ದಮ್ಮಿನ ಆಸೆಗಲ್ಲ, ಕೆಮ್ಮಿಗಾಗಿ, ಮೇಲಿರುವ ಹೆಂಡತಿ ಇನ್ಶಿರಾಹ್‌ಗೆ ಕೇಳಿಸುವಂಥ ಒಂದೇ ಒಂದು ಹಳೆಯ ಕೆಮ್ಮು.

ಈ ವೇಪಿನ ಮೇಲೆ ದೂರೇನಿಲ್ಲ, ಇದ್ದರೆ ಅಂದೇ ಇದನ್ನು ಮಾರಿದ ಅಂಗಡಿಯವನ ಮುಖಕ್ಕೆ ಎಸೆದು ಬರುತ್ತಿದ್ದ, ದರ್ಜಿ ಅವನು, ಅದಕ್ಕೇ ಎಲ್ಲರ ಬಾಯಲ್ಲೂ ಉಸ್ತಾ, ಹೊಸ ಮಿಷನ್ನು ತಂದರೆ ಚಿಂದಿ ಬಟ್ಟೆಯ ಮೇಲೆ ಇನ್ನೂರು ಹೊಲಿಗೆ ಹಾಕಿ ನೋಡದೆ ಗಿರಾಕಿಯ ಬಟ್ಟೆ ಮುಟ್ಟಿಸುವವನಲ್ಲ, ಇದನ್ನೂ ಹಾಗೇ ನೋಡಿದ್ದಾನೆ, ಗುಂಡಿಯಿಲ್ಲ, ಪರದೆಯಿಲ್ಲ, ಬಾಯಿಗಿಟ್ಟು ಎಳೆದರೆ ತಾನೇ ಹತ್ತುತ್ತದೆ, ಬಿಟ್ಟರೆ ತಾನೇ ಆರುತ್ತದೆ, ಇಷ್ಟು ವಿಧೇಯವಾದ್ದು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ ಅಂದಿದ್ದಳು ಇನ್ಶಿರಾಹ್ ಅವನನ್ನೇ ನೋಡುತ್ತ — ಮೇಲ್ಗಡೆಯ ಪುಟ್ಟ ಡಬ್ಬಿ, ಪಾಡ್ ಅನ್ನುತ್ತಾರೆ ಅದಕ್ಕೆ, ಎಳೆದರೆ ಕಳಚಿಕೊಳ್ಳುತ್ತದೆ, ಪಕ್ಕದ ರಬ್ಬರು ಬಿರಡೆ ತೆಗೆದು ಸೀಸೆಯಿಂದ ಹನಿ ಹನಿ ತುಂಬಬೇಕು, ಮಿಷನ್ನಿನ ಹೊಟ್ಟೆಗೆ ಎಣ್ಣೆ ಬಿಡುವ ಕೈಗೆ ಇದೇನು ಮಹಾ, ಆದರೂ ಮೊದಲ ದಿನ ಎಡವಟ್ಟು ಮಾಡಿಕೊಂಡ, ತುಂಬಿ ಹತ್ತು ನಿಮಿಷ ಬಿಡು ಉಸ್ತಾ, ಒಳಗಿನ ಹತ್ತಿ ನೆನೀಬೇಕು ಅಂತ ಅಂಗಡಿಯವನು ಹೇಳಿದ್ದನ್ನು ಕೇಳದೆ ತುಂಬಿದ್ದೇ ಎಳೆದುಬಿಟ್ಟ, ಥೂ, ಇಸ್ತ್ರಿ ಪೆಟ್ಟಿಗೆ ಉಣ್ಣೆಯ ಮೇಲೆ ಮರೆತು ಬಿಟ್ಟಂಥ ಸುಟ್ಟ ರುಚಿ, ಒಂದು ಪಾಡ್ ದಂಡ. ಒಂದು ಸಲ ಚಾರ್ಜು ಮಾಡಿದರೆ ಬೆಳಗಿನ ಟೀಯಿಂದ ಸಂಜೆಯ ಬಾಂಗಿನವರೆಗೆ ತಾಳುತ್ತದೆ, ಕಿಟಕಿಯಂಥ ಸೀಳಿನಲ್ಲಿ ಎಷ್ಟು ಉಳಿದಿದೆ ಅಂತ ಕಾಣುತ್ತದೆ, ಅಡ್ಡ ಮಲಗಿಸಿದರೆ ಸೋರುತ್ತದೆ, ಗಿರಾಕಿ ವಕೀಲರೊಬ್ಬರ ಬಿಳಿ ಪ್ಯಾಂಟಿನ ಮೇಲೆ ನಾಣ್ಯದಗಲ ಕಲೆ ಮಾಡಿ ಅದನ್ನು ತೊಳೆಯಲು ಅರ್ಧ ದಿನ ಹೋಯಿತು, ಆದರೆ ಬಟ್ಟೆ ಸುಟ್ಟು ತೂತಾಗಲಿಲ್ಲವಲ್ಲ, ಸಿಗರೇಟಿನ ಕಿಡಿ ಬಿದ್ದು ಎಷ್ಟು ತೋಳು, ಎಷ್ಟು ಕಾಲರು ಅವನ ಕೈಯಲ್ಲೇ ಹಾಳಾಗಿವೆ. ಪುದೀನದ್ದು ಚೆನ್ನಾಗಿದೆ, ಮಾವಿನದು ಮಕ್ಕಳ ಸಿರಪ್ಪಿನ ಹಾಗೆ, ತಂಬಾಕಿನದು ಅಂತ ಕೊಟ್ಟದ್ದು ತಂಬಾಕನ್ನು ಕಂಡೇ ಇಲ್ಲದವರು ಮಾಡಿದ್ದು. ಇದೂ ಒಳ್ಳೇದಲ್ಲ ಅಂತ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ, ಅದನ್ನ ಬಿಡೋಕೆ ಇದನ್ನ ಹಿಡ್ಕೊಳ್ಳಿ, ಆಮೇಲೆ ಇದನ್ನೂ ಬಿಡಿ, ನಿಮ್ಮ ಶ್ವಾಸಕೋಶದಲ್ಲಿ ಕಳ್ಕೊಳ್ಳೋಕೆ ಇನ್ನೇನೂ ಉಳಿದಿಲ್ಲ ಉಸ್ತಾ ವಗ್ದಿ, ಹೀಗೇ ಎಳೀತಿದ್ರೆ ಇನ್ನೆರಡು ಚಳಿಗಾಲ ಅಂತ ನಾನು ಹೇಳಲ್ಲ, ನೀವೇ ಅಂದಾಜು ಮಾಡ್ಕೊಳ್ಳಿ, ಅಂದಾಗ ಅವನ ಪಕ್ಕದಲ್ಲಿ ಕೂತಿದ್ದ ಇನ್ಶಿರಾಹ್ ಕೈಚೀಲದ ಬಾಯನ್ನು ತೆಗೆದಳು ಮುಚ್ಚಿದಳು, ತೆಗೆದಳು ಮುಚ್ಚಿದಳು.

ಎರಡನೇ ಮಹಡಿ, ಇಷ್ಟು ಬೇಗ ಬಂತೇ, ಉಸಿರು ಇನ್ನೂ ಹಿಡಿತದಲ್ಲೇ ಇದೆ ನೋಡು, ಹೋದ ಚಳಿಗಾಲದಲ್ಲಿ ಇಲ್ಲೇ, ಈ ಕಂಬಿ ಹಿಡಿದು, ಕಣ್ಣಲ್ಲಿ ನೀರು, ಎದೆಯೊಳಗೆ ಹರಿದ ತಿದಿ, ಮೂರನೆಯದನ್ನು ಮುಟ್ಟುವ ಹೊತ್ತಿಗೆ ಕುಸಿದೇ ಕೂತಿದ್ದ, ಕೆಮ್ಮು ಬಿಟ್ಟರೆ ತಾನೇ ಮಾತು, ಆ ಕೆಮ್ಮು ಕೇಳಿ ಐದನೆಯದರಿಂದ ಅವಳು ಬರಿಗಾಲಲ್ಲಿ ಇಳಿದು ಬಂದಳು, ಅವಳ ಮಂಡಿಗಳಿಗೆ ಒಂದೊಂದು ಮೆಟ್ಟಿಲೂ ಒಂದೊಂದು ಗುದ್ದು, ಆದರೂ ಬಂದಳು, ಮಾರನೇ ದಿನ ಅಡುಗೆಮನೆಯ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ತಂದು ಮೂರನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಇಟ್ಟಳು, ಮಾದಾಮ್ ಓದೆಟ್ ಬಾಗಿಲ ಪಕ್ಕ, ಒಂದು ಕಾಲು ಗಿಡ್ಡ, ಅದರಡಿಗೆ ಮಡಚಿದ ರಟ್ಟು, ಮೇಲೊಂದು ದಿಂಬು, ಅವನ ಅಂಗಡಿಯ ಚಿಂದಿ ಕೂಡಿಸಿ ಹೊಲಿದದ್ದು, ಒಂದು ನೀಲಿ ಪಟ್ಟೆ ಒಂದು ಬೂದು ಪಟ್ಟೆ, ದರ್ಜಿ ಅವನಾದರೂ ಹೊಲಿಗೆ ಅವಳದು, ಸೊಟ್ಟ, ಆ ಸೊಟ್ಟ ಹೊಲಿಗೆಯನ್ನು ಬಿಚ್ಚಿ ನೆಟ್ಟಗೆ ಮಾಡಬೇಕೆಂದು ಅವನಿಗೆ ಒಮ್ಮೆಯೂ ಅನ್ನಿಸಿಲ್ಲ. ಇಲ್ಲಿ ಕೂತ್ಕೊಂಡು ಕೆಮ್ಮು, ಪೂರ್ತಿ ಕೆಮ್ಮಿ ಮುಗಿಸಿ ಆಮೇಲೆ ಬಾ, ನಿನ್ನ ಕೆಮ್ಮು ಕೇಳಿದ ತಕ್ಷಣ ಟೀಗೆ ನೀರಿಡ್ತೀನಿ. ಅದೇ ಅವಳ ಗಂಟೆ, ಮದುವೆಯಾದಾಗಿನಿಂದ, ಅವನ ಅಪ್ಪ ಮೆಟ್ಟಿಲು ಹತ್ತುವಾಗ ಯಾ ಸಾತಿರ್, ಯಾ ಸಾತಿರ್ ಎಂದು ದೇವರ ಹೆಸರು ಕೂಗಿಕೊಂಡೇ ಬರುತ್ತಿದ್ದ, ಗಂಡಸು ಬರುತ್ತಿದ್ದಾನೆ, ಮನೆಯ ಹೆಂಗಸರಿಗೆ ತಿಳಿಯಲಿ, ಗಾಬರಿಯಾಗದಿರಲಿ ಅಂತ, ನಿನ್ ಗಂಡ ಯಾಕೆ ಕೂಗಲ್ಲ ಅಂತ ಹೊಸ ಮದುಮಗಳನ್ನು ಅತ್ತೆ ರೇಗಿಸಿದರೆ, ಅವನಿಗ್ಯಾಕೆ ಅತ್ತೆ, ಅವನ ಕೆಮ್ಮೇ ಯಾ ಸಾತಿರ್ ಅಂದಿದ್ದಳು ಇನ್ಶಿರಾಹ್, ಅಂದೇ, ಇಪ್ಪತ್ತೆರಡರ ಹುಡುಗಿ, ಅದೇ ಓಣಿಯಲ್ಲಿ ಬೆಳೆದವಳು, ಎಂಥ ಬಾಯಿ!

ಆ ಮಂಗಳವಾರ ಮಾತ್ರ ಬಾರದಿದ್ದರೆ ಎಷ್ಟು ಚೆನ್ನಾಗಿತ್ತು, ಮೂರನೆಯ ದಿನ ಅದು, ಎದೆ ಹಗುರ, ಕುರ್ಚಿಯನ್ನು ಮೊದಲ ಬಾರಿಗೆ ದಾಟಿ ಹೋದ, ಕೂರಲಿಲ್ಲ, ದಿಂಬನ್ನು ಸುಮ್ಮನೆ ತಟ್ಟಿ ಮೇಲೇರಿದ, ಹುಡುಗನಂತೆ, ಬೀಗದ ಕೈ ಸದ್ದಾಗದ ಹಾಗೆ ತಿರುಗಿಸಿದ, ನೋಡು, ಕೆಮ್ಮದೆ ಬಂದೆ ಅಂತ ತೋರಿಸಬೇಕು, ಅಷ್ಟೇ ಆಸೆ — ಅಡುಗೆಮನೆಯ ಬಾಗಿಲಿಗೆ ಬಂದರೆ ಆ ವಾಸನೆ, ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಕೊತ್ತಂಬರಿಯ ಒಗ್ಗರಣೆ, ತುಪ್ಪದಲ್ಲಿ ಚುರುಗುಟ್ಟಿ ಹೊಂಬಣ್ಣಕ್ಕೆ ತಿರುಗುವ ಗಳಿಗೆ, ತನ್ನ ಮನೆಯ ವಾಸನೆ ಹೀಗಿರುತ್ತದೆಂದು ಅರವತ್ತೊಂದನೇ ವರ್ಷಕ್ಕೆ ಗೊತ್ತಾದ ಗಂಡಸು ಏನು ಮಾಡುತ್ತಾನೆ, ಕಣ್ಣು ಮುಚ್ಚಿ ನಿಂತುಬಿಟ್ಟ. ಆಗ ಕೇಳಿತು ಅವಳು ಹ್ಹಾ ಎಂದು ಉಸಿರೆಳೆದುಕೊಂಡದ್ದು, ಒಗ್ಗರಣೆ ಸಾರಿಗೆ ಬೀಳುವಾಗ ಮನೆಯಾಕೆ ಹಾಗೆ ಉಸಿರೆಳೆಯಲೇಬೇಕು, ಇಲ್ಲದಿದ್ದರೆ ರುಚಿ ಕೂಡುವುದಿಲ್ಲ, ಅವಳಮ್ಮ ಎಳೆಯುತ್ತಿದ್ದಳು, ಇವಳೂ ಎಳೆಯುತ್ತಾಳೆ, ಯಾಕೆ ಅಂದರೆ ಎಳೀಬೇಕು ಅಷ್ಟೇ, ನಿಂಗ್ಯಾಕೆ ಅನ್ನುತ್ತಾಳೆ, ಮೂವತ್ತಾರು ವರ್ಷ ಹಜಾರದಲ್ಲಿ ಕೂತು ಅವನು ಕೇಳಿದ ಹ್ಹಾ, ಆಹಾ ಅಂತ ನಕ್ಕ, ಕಣ್ಣು ಮುಚ್ಚಿಕೊಂಡೇ ನಕ್ಕ, ಮೂರ್ಖ, ಅಯ್ಯೋ ಮೂರ್ಖ, ಆಮೇಲೆ ಬಾಣಲೆ ನೆಲಕ್ಕೆ ಬಿದ್ದ ಸದ್ದು, ಅದು ಸಾರಿನ ಹ್ಹಾ ಅಲ್ಲ, ತಿರುಗಿದವಳಿಗೆ ಬಾಗಿಲಲ್ಲಿ ಒಂದು ಆಳಿನ ನೆರಳು ಕಂಡು ಜೀವ ಬಾಯಿಗೆ ಬಂದ ಹ್ಹಾ, ಬಿಸಿ ತುಪ್ಪವೆಲ್ಲ ಎಡ ಮಣಿಕಟ್ಟಿನ ಮೇಲೆ. ಅವಳು ಅಳಲಿಲ್ಲ, ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು, ನಿನ್ ಕೆಮ್ಮಿಗೇನಾಯ್ತೋ ನಿಹಾಲ್ ಅಪ್ಪಾ, ಕೆಮ್ಮೋಕೇನಾಗಿತ್ತು ನಿಂಗೆ, ಅಂದಳು, ತನ್ನನ್ನು ಸುಟ್ಟವನನ್ನು ಕೇಳಿದ ಒಂದೇ ಪ್ರಶ್ನೆ. ಮಗಳಿಗೆ ಫೋನಿನಲ್ಲಿ, ಏನಿಲ್ಲ ನಿಹಾಲ್, ಕೈ ಜಾರ್ತು ಅಂದಳು. ಅವತ್ತಿನಿಂದ ಬಾಗಿಲು ಕಿರ್ರೆಂದರೆ ಬೆಚ್ಚುತ್ತಾಳೆ, ಸಂಜೆಯಾದರೆ ಹತ್ತು ಸಲ ಬಾಗಿಲಿಗೆ ಹೋಗಿ ಇಣುಕುತ್ತಾಳೆ, ಇವತ್ತು ಬೆಳಗ್ಗೆ ಅವನು ಅವಳ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುತ್ತಿದ್ದಾಗ — ಆ ಕೆಂಪು, ಆ ಗುಳ್ಳೆ, ನೋಯಬಾರದೆಂದು ಗಂಟನ್ನು ಸಡಿಲವಾಗಿಯೇ ಬಿಟ್ಟ — ತಲೆ ಎತ್ತದೆ ಹೇಳಿದಳು, ಮೊದ್ಲು ನೀನು ಮೂರನೇ ಮಹಡೀಲಿ ಇರೋವಾಗ್ಲೇ ನನ್ ಪಾಲಿಗೆ ಮನೆ ಸೇರಿರ್ತಿದ್ದೆ, ಈಗ ಬಾಗಿಲು ತೆಗೆಯೋವರ್ಗೂ ನೀನು ಬರ್ತೀಯೋ ಇಲ್ವೋ ಅಂತ ಗೊತ್ತಾಗಲ್ಲ, ಅಷ್ಟೇ ಹೇಳಿದ್ದು, ಅದಕ್ಕೇ ಈ ಬಿಡಿ ಸಿಗರೇಟು. ಅವಳೊಬ್ಬಳೇ ಅಲ್ಲ, ಗುರುವಾರ ಮಾದಾಮ್ ಓದೆಟ್ ಬಾಗಿಲು ಅರ್ಧ ತೆಗೆದು, ಉಸ್ತಾ, ಊರು ಬಿಟ್ಟಿದ್ರೇನ್ರೀ, ನಿಮ್ಮ ಕೆಮ್ಮು ಕೇಳಿದ್ರೇ ನಾನು ಬೀಪಿ ಮಾತ್ರೆ ತಗೊಳ್ಳೋದು, ನಾಲ್ಕು ದಿನದಿಂದ ತಗೊಂಡೇ ಇಲ್ಲ ಅಂದರು, ಗಡಿಯಾರ ನೋಡಿ ಮಾದಾಮ್ ಅಂತ ಅವನಂದರೆ, ಗಡಿಯಾರ ನಿಂತು ನಮ್ಮ ಯಜಮಾನರು ಹೋದಷ್ಟೇ ವರ್ಷ ಆಯ್ತು, ನೀವು ನಿಲ್ಲಲ್ಲ ಅಂತ ನಂಬಿದ್ದೆ ನೋಡಿ.

ಒಂದು ಕೆಮ್ಮಿಗೆ ಒಂದು ಸಿಗರೇಟು, ದಿನಕ್ಕೊಂದು, ಸಂಜೆ ಮಾತ್ರ, ಉಳಿದ ಹೊತ್ತಿಗೆ ವೇಪು, ಇದೇನು ಕೆಟ್ಟ ಒಪ್ಪಂದವಲ್ಲ, ಡಾಕ್ಟರಮ್ಮನಿಗೆ ಹೇಳದಿದ್ದರಾಯಿತು — ಆದರೆ ಒಂದಕ್ಕೆ ನಿಲ್ಲುವವನೇ ನೀನು ವಗ್ದಿ, ನಿನ್ನನ್ನು ನಾನು ಬಲ್ಲೆ, ನಾಳೆ ಎರಡು, ಬಕ್ರೀದ್ ಹೊತ್ತಿಗೆ ಪೂರ್ತಿ ಪ್ಯಾಕು, ಚಳಿಗಾಲದ ಹೊತ್ತಿಗೆ ಮತ್ತೆ ಆ ಕುರ್ಚಿ, ಕುರ್ಚಿಯ ಮೇಲೆ ನೀನು, ಬರಿಗಾಲಲ್ಲಿ ಅವಳು — ಇರಲಿ, ಚಳಿಗಾಲ ಬಂದಾಗ ನೋಡೋಣ, ಮೊದಲು ಅವಳು ಬೆಚ್ಚುವುದು ನಿಲ್ಲಲಿ, ಅವಳು ಸಂಜೆ ನಿಶ್ಚಿಂತೆಯಿಂದ ಟೀಗೆ ನೀರಿಡುವಂತಾಗಲಿ, ಮೂವತ್ತಾರು ವರ್ಷದಲ್ಲಿ ಅವಳಿಗೆ ಕೊಟ್ಟದ್ದೇನು, ಬಾಲ್ಕನಿಯಿಂದ ಕಾಣುವ ಮೊಳ ಉದ್ದದ ಸಮುದ್ರ, ಡಬ್ಬಿಯಲ್ಲಿ ನೆಟ್ಟ ಎರಡು ಕಾಮಕಸ್ತೂರಿ ಗಿಡ, ಸಾಲುಸಾಲು ಕೆಮ್ಮು, ಅದರಲ್ಲಿ ಅವಳು ಇಷ್ಟಪಟ್ಟು ಇಟ್ಟುಕೊಂಡದ್ದು ಕೆಮ್ಮು ಅಂತಾದರೆ ಅದನ್ನೂ ಕಿತ್ತುಕೊಳ್ಳಲೇ. ಕೈ ಎಡ ಜೇಬಿಗೆ ಹೋಗಿಯೇಬಿಟ್ಟಿತು, ಸಿಗರೇಟು ಹೊರಗೆ, ಬೆರಳುಗಳಿಗೆ ಅದರ ತೂಕ ಮರೆತಿರಲಿಲ್ಲ, ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ತಿರುವು ದಾಟಿದರೆ ಆರೇ ಮೆಟ್ಟಿಲು, ಕುರ್ಚಿಯ ಗಿಡ್ಡ ಕಾಲು ಕಂಡಿತು, ರಟ್ಟು ಕಂಡಿತು, ರಟ್ಟಿನ ಪಕ್ಕ ನೆಲದ ಮೇಲೆ ಒಂದು ಟೀ ಗ್ಲಾಸು, ಅದರ ಮೇಲೆ ಮುಚ್ಚಿದ ಸಾಸರು, ಮನೆಯದು, ಚಿನ್ನದ ಅಂಚು ಅರ್ಧ ಮಾಸಿದ್ದು, ಇದಿಲ್ಲಿಗೆ ಹೇಗೆ ಬಂತು — ಕುರ್ಚಿ ಖಾಲಿಯಿಲ್ಲ.

ಅವಳು ಕೂತಿದ್ದಾಳೆ, ಆ ಮಂಡಿಗಳಲ್ಲಿ ಎರಡು ಮಹಡಿ ಇಳಿದು, ಸುಟ್ಟ ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟೀ ಹಿಡಿದು ಬಂದಿರಬೇಕು, ಕೇಳಿಸದಿದ್ದರೆ ನೋಡಿಯಾದರೂ ಬಿಡೋಣ ಅಂತ ಇಳಿದು ಬಂದು ಕಾದು ಕಾದು ಗೋಡೆಗೆ ತಲೆಯಾನಿಸಿ ಜೋಂಪು ಹತ್ತಿದೆ, ಮಡಿಲಲ್ಲಿ ಬೆಳಗಿನ ಬಟ್ಟೆ ಸುತ್ತಿದ ಕೈ, ಅವನದೇ ಸಡಿಲ ಗಂಟು, ಈಗ ಇನ್ನೊಂದು ಹೆಜ್ಜೆ ಇಟ್ಟರೆ ಬೆಚ್ಚುತ್ತಾಳೆ, ಕುರ್ಚಿ ಅಲ್ಲಾಡುತ್ತದೆ, ಮೆಟ್ಟಿಲ ಅಂಚು ಗೇಣು ದೂರ, ಬೇಡ, ಕೆಮ್ಮು ವಗ್ದಿ, ಮೆಲ್ಲಗೆ, ಒಂದೇ ಒಂದು, ಎದೆಯನ್ನು ಒತ್ತಿದ, ಗಂಟಲನ್ನು ಕೆದಕಿದ, ಬರಲಿಲ್ಲ, ಬರೀ ಗಾಳಿ, ಸ್ವಚ್ಛ ಗಾಳಿ, ಬಾ ಅಂದರೆ ಬರಲು ಒಳಗೆ ಏನೂ ಇಲ್ಲ, ಕಡ್ಡಿ ಗೀರಲೇ, ಗೀರಿದರೆ ವಾಸನೆಗೇ ಎದ್ದು ಅವಳು ಮೊದಲು ನೋಡುವುದು ಇದನ್ನು, ಎರಡು ಮಹಡಿ ಇಳಿದು ಬಂದವಳು ನೋಡುವುದು ಇದನ್ನು — ಬೆನ್ನ ಹಿಂದೆ ಮುಷ್ಟಿ ಬಿಗಿಯಿತು, ಕಾಗದ ಹರಿಯಿತು, ಉಗುರುಗಳ ಸಂದಿಯಲ್ಲಿ ತಂಬಾಕು, ಆಗ ಎಲ್ಲಿಂದ ಬಂತೋ, ಅಪ್ಪನ ದನಿ, ಅವನ ಬಾಯಲ್ಲಿ ಎಂದೂ ಬಾರದ್ದು, ಯಾ ಸಾತಿರ್, ಅಂದ, ಮೆಲ್ಲಗೆ, ಮಗುವಿನ ಕೋಣೆಗೆ ಬರುವವನ ಹಾಗೆ, ಮತ್ತೆ ಇನ್ನೊಂದು ಸಲ, ಯಾ ಸಾತಿರ್, ನಾನು, ಇನ್ಶಿರಾಹ್. ಅವಳು ಬೆಚ್ಚಲಿಲ್ಲ. ಕಣ್ಣು ಕೂಡ ತೆರೆಯಲಿಲ್ಲ, ತುಟಿಯ ಮೂಲೆಯಷ್ಟೇ ಅಲ್ಲಾಡಿತು, ಬಂದ್ಯಾ, ಅಂದಳು, ಬಾಯಲ್ಲಿ ಹೇಳೋಕೆ ಮೂವತ್ತಾರು ವರ್ಷ ಬೇಕಾಯ್ತಾ ನಿಂಗೆ, ಟೀ ಆರೋಯ್ತು ನೋಡು. ಅವನು ಆರು ಮೆಟ್ಟಿಲ ಕೆಳಗೆ ನಿಂತೇ ಇದ್ದಾನೆ, ಉಸಿರಿದೆ, ಹತ್ತಬಹುದು, ಕಾಲು ಏಳುತ್ತಿಲ್ಲ, ಕುರ್ಚಿ, ನೀಲಿ ಪಟ್ಟೆ, ಬೂದು ಪಟ್ಟೆ, ಸೊಟ್ಟ ಹೊಲಿಗೆ, ಅವನು ಕೂರಲೆಂದು ಅವಳು ತಂದಿಟ್ಟ ಕುರ್ಚಿ, ಕುರ್ಚಿಯಲ್ಲಿ ಅವಳು.